ಸಾಹೇಬರ ಹೆಸರಿನ ಕಂಟೇನರ್

ಕಾಪುವಿನ ಉಮಾನಾಥನಿಗೆ ಬೆನ್ನು ಬಾಗಿಸುವ ಕಲೆ ಹುಟ್ಟಿನಿಂದಲೇ ಒಲಿದಿತ್ತು. ಮಣಿಪಾಲದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹದಿನಾರು ವರ್ಷದಿಂದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನಿಗೆ ಆ ವಿಭಾಗದ ಹೆಡ್ ಆಗುವುದೊಂದೇ ಬಾಕಿ. ಅಲ್ಲಿಯ ದೊಡ್ಡ ಕಂಪ್ಯೂಟರಿನ ಹೊಟ್ಟೆಯೊಳಗೆ ಸಣ್ಣ ಸಣ್ಣ ಯಂತ್ರಗಳು, ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರ ಹಾಗೆ. ಅವಕ್ಕೆ ಕಂಟೇನರ್ ಎನ್ನುತ್ತಾರೆ. ರೋಗಿಗಳ ವರದಿ ಇರುವ ಕಂಟೇನರಿಗೆ ಉಮಾನಾಥ ಮ್ಯಾನೇಜರ್ ರಘುಪತಿಯವರ ಹೆಸರನ್ನೇ ಇಟ್ಟಿದ್ದ. ಪ್ರತಿ ಶನಿವಾರ ಅದು ಇದ್ದ ಹಾಗೇ ಒಂದು ಪಡಿಯಚ್ಚು ತೆಗೆದಿಡುತ್ತಿದ್ದ. ಇವತ್ತು ಕೆಟ್ಟರೆ ಮೊನ್ನೆಗೆ ಮರಳಲು ಆ ಸ್ನ್ಯಾಪ್‌ಶಾಟೇ ಗತಿ.

ರಘುಪತಿಯವರು ನಿವೃತ್ತರಾದರು, ಅವರ ಜಾಗಕ್ಕೆ ವಿದ್ಯಾಧೀಶರು ಬಂದರು. ಅವರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಉಮಾನಾಥ ಕಂಟೇನರಿನ ತದ್ರೂಪು ಮಾಡಿ, ಪಡಿಯಚ್ಚುಗಳನ್ನೂ ಅದರ ಜೊತೆಗೆ ಸಾಗಿಸಿ, ಹಳೆಯದನ್ನು ಅಳಿಸಿ, ಹೊಸದಕ್ಕೆ ‘ವಿದ್ಯಾಧೀಶ’ ಎಂದು ನಾಮಕರಣ ಮಾಡಿದ. ತೊಟ್ಟಿಲು ತೂಗಲಿಲ್ಲ, ಅಷ್ಟೇ.

ಆದರೆ ಹೆಸರು ಬದಲಾದದ್ದು ಹೊರಬಾಗಿಲಿನಲ್ಲಿ ಮಾತ್ರ. ಒಳಗೆ ಡಿಸ್ಕಿನಲ್ಲಿ ಪಡಿಯಚ್ಚುಗಳೆಲ್ಲ ರಘುಪತಿ ಒಂದು, ರಘುಪತಿ ಎರಡು ಎಂದೇ ಉಳಿದಿದ್ದವು.

“ಇದೆಂತ, ಅವರದ್ದು ಇನ್ನೂ ಉಂಟಲ್ಲ?” ವಿದ್ಯಾಧೀಶರು ಪರದೆ ನೋಡಿ ಹುಬ್ಬೇರಿಸಿದರು.

“ಹಳೆ ಕಸ ಸಾರ್. ಈಗಲೇ ಗುಡಿಸುತ್ತೇನೆ.”

ಪಕ್ಕದ ಮೇಜಿನ ಕಾರ್ಕಳದ ವೆರೊನಿಕಾ ತಡೆದಳು. “ಒಳಗೆ ಎಂತ ಉಂಟು ಅಂತ ಒಮ್ಮೆ ನೋಡಿ ಮಾರಾಯ್ರೆ.”

“ನಿನಗೆ ರಘುಪತಿ ಸಾರ್ ಮೇಲೆ ಇನ್ನೂ ಅಷ್ಟು ಭಕ್ತಿಯಾ?” ಎಂದು ನಕ್ಕು, ಗುಡಿಸಿಯೇಬಿಟ್ಟ.

ಮುಂದಿನ ಶನಿವಾರದ ಪಡಿಯಚ್ಚಿಗೂ ಕಾಯದೆ ಮರುದಿನವೇ ಉಮಾನಾಥ ಅಪ್‌ಡೇಟ್ ಹಾಕಿದ. ವರದಿಗಳೆಲ್ಲ ಕಲಸುಮೇಲೋಗರವಾದವು. ಹಿಂದಕ್ಕೆ ಹೋಗೋಣವೆಂದರೆ ಒಂದು ಪಡಿಯಚ್ಚೂ ಇಲ್ಲ. ಮುಂದಿನ ಕೌಂಟರಿನಿಂದ ಫಿಯೋನಾ ಕೂಗಿದಳು.

“ಉಮಾನಾಥಣ್ಣ, ವಿದ್ಯಾಧೀಶ ಏಳುವುದೇ ಇಲ್ಲ! ವಿದ್ಯಾಧೀಶ ಹಾಳಾಗಿದೆ ಎಂದು ಬರುತ್ತಾ ಉಂಟು!”

ಬರಿಹೊಟ್ಟೆಯಲ್ಲಿ ಕಾಯುತ್ತಿದ್ದ ರೋಗಿಗಳೂ ನಕ್ಕರು. ವಿದ್ಯಾಧೀಶರು ಬಾಗಿಲಲ್ಲೇ ನಿಂತಿದ್ದರು. ಅವರೊಬ್ಬರು ನಗಲಿಲ್ಲ.

ಹೆಡ್ ಕುರ್ಚಿ ವೆರೊನಿಕಾಳ ಪಾಲಾಯಿತು. ಉಮಾನಾಥನನ್ನು ಲ್ಯಾಬಿನ ಕಾಪು ಶಾಖೆಯ ಕೌಂಟರಿಗೆ ಕಳಿಸಿ, ಅವನ ಮುಂದೆ ಕಾಗದದ ರಿಜಿಸ್ಟರುಗಳನ್ನು ಗುಡ್ಡೆ ಹಾಕಿದರು. ವರದಿಗಳನ್ನು ಒಂದೊಂದಾಗಿ ಮತ್ತೆ ಟೈಪ್ ಮಾಡಬೇಕು. ಆ ವಾರ ವೆರೊನಿಕಾ ನೋಡಲು ಬಂದಾಗ ಅವನು ದಡಬಡಿಸಿ ಎದ್ದ.

“ಬನ್ನಿ ಮೇಡಂ, ಕುಳಿತುಕೊಳ್ಳಿ. ಈ ಲ್ಯಾಬಿಗೆ ನೀವೇ ಬೇಕೆಂದು ನಾನು ಮೊದಲಿಂದಲೂ ಹೇಳುತ್ತಿದ್ದೆ.”

“ಎಷ್ಟನೇ ಪುಟ ಆಯಿತು?” ಎಂದಳು ವೆರೊನಿಕಾ.

“ನಾಲ್ಕು.”

“ಹಾಗಾದರೆ ಕೂತು ಟೈಪ್ ಮಾಡಿ.”