ಎರಡನೇ ಕೀ

ಹೋದ ತಿಂಗಳು ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ ಇಳಿಸಿ ಹಳೇ ರಸೀದಿಗಳನ್ನು ಬಿಸಾಡುತ್ತಿದ್ದಾಗ ತಳದಲ್ಲಿ ಒಂದು ಕಾರಿನ ಕೀ ಸಿಕ್ಕಿತು. ಸಿಕ್ಕಿತು ಎಂದು ಬರೆಯುವುದೂ ಸುಳ್ಳೇ. ಅದು ಅಲ್ಲಿದೆ ಎಂದು ಇಪ್ಪತ್ತು ವರ್ಷದಿಂದ ನನಗೆ ಗೊತ್ತಿತ್ತು. ಕೈಗೆತ್ತಿಕೊಂಡಾಗ ಅಂಗೈಗೆ ತುಕ್ಕಿನ ವಾಸನೆ ಹತ್ತಿತು. ಸೋಪು ಹಾಕಿ ತೊಳೆದರೂ ಹೋಗಲಿಲ್ಲ. ಹರದನಹಳ್ಳಿಯ ಲೈನ್‌ಮನ್ ನೆನಪಾದರು...

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಗುಂಡ್ಲುಪೇಟೆಯಲ್ಲಿ ನನ್ನದೊಂದು ಗೊಬ್ಬರದ ಅಂಗಡಿ. ನನ್ನ ಹಳೇ ಬಿಳಿ ಕಾರು ಮಾರುವುದಿದೆ ಎಂದು ನಾಲ್ಕು ಜನರ ಕಿವಿಗೆ ಹಾಕಿದ್ದೆ. ಕೊಳ್ಳಲು ಬಂದವರು ಕರೆಂಟು ಕಂಬ ಹತ್ತುವ ಆ ಲೈನ್‌ಮನ್. ಒಂದೇ ಮೊಪೆಡ್ಡಿನ ಮೇಲೆ ಹೆಂಡತಿ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಬಂದಿದ್ದರು. ಇಂಜಿನ್ ನೋಡಲಿಲ್ಲ, ಟಯರ್ ನೋಡಲಿಲ್ಲ. ಮೊದಲು ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಬಾಗಿಲು ಹಾಕಿ, ಹೊರಗೆ ನಿಂತು ಗಾಜಿನಾಚೆಯಿಂದ ಅವರನ್ನೇ ನೋಡಿದರು.

"ಕಂಬದ್ ಮ್ಯಾಲಿಂದ ಎಲ್ರ ಕಾರೂ ನೋಡಿವ್ನಿ ಕಣಣ್ಣ. ಒಳಗ್ ಕುಂತ್ರೆ ಎಂಗಿರ್ತದೋ ನೋಡ್ಬೇಕು," ಎಂದರು.

"ಕಂಬ ಅತ್ತು ಅಂತ ಸಂಬಳ ಕೊಟ್ರೆ, ಇವ್ರು ಕಾರ್ ನೋಡ್ಕಂಡ್ ಕುಂತಿದ್ರಂತೆ," ಎಂದು ಅವರ ಹೆಂಡತಿ ಚುಚ್ಚಿದರು. ನಾವೆಲ್ಲ ನಕ್ಕೆವು.

ಕಾಗದ ಮಾಡಿಸುವ ದಿನ ಅವರೊಬ್ಬರೇ ಬಸ್ಸಿನಲ್ಲಿ ಬಂದರು, ಆ ದಿನಕ್ಕೆಂದೇ ರಜೆ ಹಾಕಿದ್ದರು. ನಾವಿಬ್ಬರೂ ಕಾರಿನಲ್ಲೇ ಚಾಮರಾಜನಗರದ ಆರ್‌ಟಿಓ ಕಚೇರಿಗೆ ಹೋದೆವು. ಹೊರಗೆ ಮರದ ಕೆಳಗೆ ಕೂತಿದ್ದ ಟೈಪಿಸ್ಟರು ಹೆಸರು ಬದಲಾವಣೆಯ ಫಾರಂಗಳಿಗೆ ಸಹಿ ಹಾಕಿಸಿಕೊಂಡು, ಆಮೇಲೆ ಡೆಲಿವರಿ ನೋಟು ಟೈಪು ಮಾಡಿದರು. ಕಾರು ಒಪ್ಪಿಸಿದ್ದಕ್ಕೆ ಇಬ್ಬರೂ ರುಜು ಮಾಡುವ ಚೀಟಿ ಅದು. "ಬರೀ ತಾರೀಕು ಸಾಲದು ಸ್ವಾಮಿ, ಗಂಟೆ ಹಾಕ್ಬೇಕು. ಆರ್‌ಸಿ ಪುಸ್ತಕದಲ್ಲಿ ಹೆಸರು ಬದಲಾಗೋಕೆ ದಿನ ಹಿಡಿಯುತ್ತೆ. ಅಲ್ಲೀವರೆಗೂ ಏನಾದ್ರೂ ಆದ್ರೆ ಪೊಲೀಸಿನೋರು ಬರೋದು ಹಳೇ ಓನರ್ ಮನೆಗೇ. ಈ ಗಂಟೆಗೆ ಮುಂಚಿನದು ಕೊಟ್ಟೋರದು, ಆಮೇಲಿಂದು ತಗೊಂಡೋರದು," ಎಂದರು. ಹನ್ನೊಂದೂ ಕಾಲು ಎಂದು ಬರೆಸಿದೆ. 'ಎರಡು ಕೀ ಸಹಿತ' ಎಂದೂ ಬರೆದರು. ಒಂದು ಕೀ ಮನೆಯಲ್ಲಿತ್ತು, ಸಂಜೆ ಕೊಡುತ್ತೇನೆಂದೆ. ಲೈನ್‌ಮನ್ ನಂಬಿ ಸಹಿ ಹಾಕಿದರು.

ಅಲ್ಲಿಂದ ಕಾರಿನ ಹತ್ತಿರ ಬಂದಾಗ, ಇಬ್ಬರೇ ಇದ್ದಾಗ, ಸಂಕೋಚದಿಂದಲೇ ಒಂದು ಮಾತು ಕೇಳಿದೆ. ಆ ಕಾರಿಗೆ ಮೊದಲ ಪೂಜೆ ಮಾಡಿಸಿದ್ದು ಗೋಪಾಲಸ್ವಾಮಿ ಬೆಟ್ಟದಲ್ಲಿ. ಕೊಡುವ ಮುಂಚೆ ಅದೇ ದೇವರಿಗೆ ಒಂದು ಮಾತು ಹೇಳಿ ಕೊಡಬೇಕೆಂದು ನನ್ನ ಹೆಂಡತಿಯ ಆಸೆ. ಕೇಳಿದ್ದೇ ತಡ, ಆಗಷ್ಟೇ ಈಸಿಕೊಂಡಿದ್ದ ಕೀಯನ್ನು ಲೈನ್‌ಮನ್ ನನ್ನ ಕೈಯಲ್ಲಿಟ್ಟರು.

"ಅಕ್ಕನ್ನ ಕರ್ಕಂಡ್ ಓಗ್ಬನ್ನಿ. ಕಾರು ಯಾರ್ ಮನೆಗ್ ಓಯ್ತದೆ ಅಂತ ದೇವ್ರಿಗೂ ಗೊತ್ತಾಗ್ಲಿ," ಎಂದು ಬಸ್ಸು ಹತ್ತಿ ಊರಿಗೆ ಹೋದರು.

ಬೆಟ್ಟ ಇಳಿದು ಗುಂಡ್ಲುಪೇಟೆ ಕಡೆ ಬರುವಾಗ ಮೂರೂವರೆ ಇರಬಹುದು. ಒಳಗಿನ ಕನ್ನಡಿಗೆ ಕಟ್ಟಿದ್ದ ಪೂಜೆಯ ಹಾರ ಬಿಚ್ಚಿಕೊಂಡು ಸ್ಟೇರಿಂಗಿನ ಮೇಲೆ ಬಿತ್ತು. ಅದನ್ನು ಎಳೆದುಹಾಕಲು ಬಗ್ಗಿದೆ. ಅಷ್ಟೇ... ತಲೆ ಎತ್ತುವಷ್ಟರಲ್ಲಿ ಕಾರು ರಸ್ತೆಯಂಚಿಗೆ ಹೋಗಿ ಧಡ್ ಎಂದಿತ್ತು. ಮುಂದಿನ ಗಾಜಿನ ತುಂಬ ಚೆಂಡುಹೂ. ಹೂವಿನ ಕುಕ್ಕೆ ಹೊತ್ತು ನಡೆಯುತ್ತಿದ್ದ ಹೆಂಗಸು ಕೆಳಗೆ ಬಿದ್ದಿದ್ದಳು.

"ನಿಲ್ಸಿ! ನಿಲ್ಸಿ ಅಂದ್ರೆ!" ಎಂದು ನನ್ನ ಹೆಂಡತಿ ಕೂಗಿದಳು. ನಾನು ನಿಲ್ಲಿಸಲಿಲ್ಲ. ಆ ಗಳಿಗೆಯಲ್ಲಿ ನನಗೆ ದೇವರೂ ನೆನಪಾಗಲಿಲ್ಲ, ಬಿದ್ದ ಹೆಂಗಸೂ ನೆನಪಾಗಲಿಲ್ಲ. ನೆನಪಾದದ್ದು ಹನ್ನೊಂದೂ ಕಾಲು.

ಹೆಂಡತಿಯನ್ನು ಮನೆಗೆ ಬಿಟ್ಟು ಸಂಜೆ ಕಾರನ್ನು ಹರದನಹಳ್ಳಿಗೆ ತಲುಪಿಸಿದೆ. ಲೈನ್‌ಮನ್ ಮನೆಯವರು ಆರತಿ ತಟ್ಟೆ ಹಿಡಿದು ಕಾಯುತ್ತಿದ್ದರು. ಮುಂದಿನ ಇಂಡಿಕೇಟರ್ ಒಡೆದಿರುವುದನ್ನು ಲೈನ್‌ಮನ್ ನೋಡಿದರು. ಕಲ್ಲು ಸಿಡಿಯಿತು ಎಂದೆ. "ಬುಡಿ ಅಣ್ಣ, ಗಾಜ್ ತಾನೆ," ಎಂದರು. ಎರಡನೇ ಕೀ ಮರೆತು ಬಂದೆ ಎಂದೆ. ಅದು ಮಾತ್ರ ನಿಜ.

ಮೂರನೇ ದಿನ ಪೊಲೀಸರು ನನ್ನ ಅಂಗಡಿಗೇ ಬಂದರು. ಯಾರೋ ಕಾರಿನ ನಂಬರ್ ಹೇಳಿದ್ದರು. ಓಡಿಸಿದವನ ಮುಖ ಯಾರೂ ನೋಡಿರಲಿಲ್ಲ. ನಾನು ಡೆಲಿವರಿ ನೋಟು ತೆಗೆದುಕೊಟ್ಟೆ. ಠಾಣೆಗೆ ಲೈನ್‌ಮನ್‌ರನ್ನು ಕರೆಸಿದರು. ಡ್ಯೂಟಿಗೆ ಹೋಗಿದ್ದರೆ ಹಾಜರಿ ಪುಸ್ತಕವೇ ಅವರನ್ನು ಕಾಪಾಡುತ್ತಿತ್ತು. ಅವರು ನನ್ನ ಕಾರಿಗೋಸ್ಕರ ರಜೆ ಹಾಕಿದ್ದರು.

"ಅಣ್ಣ, ಅವತ್ತು ಸಂಜೆಗಂಟ ಕಾರು ನಿಮ್ಮತ್ರ ಇತ್ತಲ್ವಾ? ನೀವೇ ಹೇಳಣ್ಣ," ಎಂದರು.

"ಚೀಟಿಯಲ್ಲಿ ಏನಿದೆಯೋ ಅದೇ ಸಾರ್," ಎಂದೆ. ಅವರನ್ನು ನೋಡದೆ, ಸಾಹೇಬರನ್ನು ನೋಡಿ ಹೇಳಿದೆ.

ಇನ್ಶೂರೆನ್ಸ್ ಚಾಲ್ತಿಯಲ್ಲಿದ್ದುದರಿಂದ ಪರಿಹಾರವನ್ನು ಕಂಪನಿ ಕೊಟ್ಟಿತು. ಆದರೆ ಗುದ್ದಿ ಓಡಿಹೋದ ಕೇಸು ಲೈನ್‌ಮನ್ ಮೇಲೆ ಬಿತ್ತು. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಬೇಗ ಮುಗಿಯುತ್ತದೆ ಎಂದು ಅವರ ವಕೀಲರೇ ಹೇಳಿದರಂತೆ. ಅವರು ಒಪ್ಪಲಿಲ್ಲ. ಆರು ವರ್ಷ, ಒಂದು ದಿನಾಂಕವನ್ನೂ ತಪ್ಪಿಸದೆ, ಅದೇ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಹಿಡಿದು ಕೋರ್ಟಿಗೆ ಬಂದರು. ಕೇಸು ಇದ್ದುದರಿಂದ ಬಡ್ತಿ ನಿಂತಿತು. ಅವರ ಕೈಕೆಳಗೆ ಕೆಲಸ ಕಲಿತವರು ಮೇಲಿನ ಹುದ್ದೆಗೆ ಹೋದರು. ಅವರು ಕಂಬ ಹತ್ತುತ್ತಲೇ ಇದ್ದರು.

ಇನ್ನೊಂದು ಸಂಗತಿ ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಕಾಲು ಮುರಿದ ಆ ಹೆಂಗಸು ಭೀಮನಬೀಡಿನವಳು. ಅವಳನ್ನು ಮೈಸೂರಿನ ಆಸ್ಪತ್ರೆಗೆ ಪ್ರತಿಸಲವೂ ಅದೇ ಕಾರಿನಲ್ಲಿ ಕರೆದುಕೊಂಡು ಹೋದವರು ಲೈನ್‌ಮನ್. ಹಾಗಿದ್ದರೆ ನೀನೇ ಗುದ್ದಿದ್ದು ಅಂತಾಯಿತಲ್ಲ ಎಂದು ಯಾರೋ ಕೆಣಕಿದಾಗ, "ಕಾಲು ಮುರ್ದದ್ದು ನನ್ ಕಾರು, ಓಡ್ಸಿದ್ದು ನಾನಲ್ಲ. ಎಲ್ಡೂ ನಿಜವೇಯ," ಎಂದರಂತೆ.

ಸಾಕ್ಷಿಯ ಕಟಕಟೆಯಲ್ಲಿ ಅವರ ವಕೀಲರು ನನ್ನನ್ನು ಕೇಳಿದರು, ಎರಡನೇ ಕೀ ಇನ್ನೂ ನಿಮ್ಮಲ್ಲೇ ಇದೆಯಲ್ಲವೇ? ಅದನ್ನು ಒಪ್ಪಿದರೆ ಚೀಟಿಯ ಉಳಿದ ಮಾತೂ ಸುಳ್ಳಾಗುತ್ತಿತ್ತು. ಎರಡನ್ನೂ ಕೊಟ್ಟಿದ್ದೇನೆ ಎಂದೆ. ಪ್ರಮಾಣ ಮಾಡಿಯೇ ಹೇಳಿದೆ. ಅವತ್ತು ಮನೆಗೆ ಬಂದು ಕೀಯನ್ನು ಕೆರೆಗೆ ಎಸೆಯಲು ಹೊರಟೆ. ನನ್ನ ಹೆಂಡತಿ ಕಿತ್ತುಕೊಂಡಳು. "ಇದನ್ನ ಎಸೆದ್ರೆ ನಾನೇ ಹೋಗಿ ಹೇಳ್ತೀನಿ," ಎಂದಳು. ಪೆಟ್ಟಿಗೆಯಲ್ಲಿ ಇಟ್ಟವಳು ಅವಳು. ಸಾಯುವ ತನಕ ಮತ್ತೆ ಆ ಮಾತು ಎತ್ತಲಿಲ್ಲ, ನನ್ನ ಜೊತೆ ಬೆಟ್ಟಕ್ಕೂ ಬರಲಿಲ್ಲ.

ಕೊನೆಗೆ, ಆರೋಪ ಪೂರ್ತಿ ಸಾಬೀತಾಗಿಲ್ಲವೆಂದು, ಅನುಮಾನದ ಲಾಭ ಕೊಟ್ಟು ಅವರನ್ನು ಬಿಡುಗಡೆ ಮಾಡಿದರು. ಕೋರ್ಟಿನ ಮೆಟ್ಟಿಲಲ್ಲಿ ನಾನು ಎದುರಾದೆ. "ಅನುಮಾನ ಇಟ್ಕಂಡೇ ಬುಟ್ರಲ್ಲಣ್ಣ," ಎಂದರು. ಠಾಣೆಯ ಆ ದಿನದ ನಂತರ ಅವರು ನನ್ನೊಡನೆ ಆಡಿದ ಮಾತು ಅದೊಂದೇ.

ಆಮೇಲೆ ಅವರು ಕಾರನ್ನು ಬದನಗುಪ್ಪೆಯಲ್ಲಿ ಕೆಲಸಕ್ಕಿದ್ದ ಒಬ್ಬನಿಗೆ ಮಾರಿದರು. ಅವನು ನನ್ನ ಅಂಗಡಿ ಹುಡುಕಿಕೊಂಡು ಬಂದ. ಅವನ ಡೆಲಿವರಿ ನೋಟಿನಲ್ಲಿ 'ಒಂದು ಕೀ ಮಾತ್ರ ಕೊಟ್ಟಿದ್ದೇನೆ, ಇನ್ನೊಂದು ಮೊದಲಿನ ಮಾಲೀಕರ ಬಳಿ ಇದೆ' ಎಂದಿತ್ತು. ಕೀ ಒಂದೇ ಎಂದು ಅವನು ಬೆಲೆ ಇಳಿಸಿದರೂ ಲೈನ್‌ಮನ್ ಆ ಸಾಲನ್ನು ಬಿಟ್ಟಿರಲಿಲ್ಲ. ನನ್ನ ಹತ್ತಿರ ಯಾವ ಕೀಯೂ ಇಲ್ಲ ಎಂದು ಅವನನ್ನು ಕಳುಹಿಸಿದೆ.

ಲೈನ್‌ಮನ್ ತೀರಿಕೊಂಡು ನಾಲ್ಕು ವರ್ಷವಾಯಿತು. ಸುದ್ದಿ ತಿಳಿದರೂ ಹೋಗಲಿಲ್ಲ... ಹೋದ ವಾರ ಹೋದೆ. ಅವರ ಹೆಂಡತಿ ಗುರುತು ಹಿಡಿದು ಕುರ್ಚಿ ಹಾಕಿದರು. ಕೀಯನ್ನು ಮುಂದಿಟ್ಟು, ನಡೆದದ್ದನ್ನು ಮೊದಲಿಂದ ಕಡೆಯವರೆಗೆ ಹೇಳಿದೆ. ಅವರು ಎದ್ದು ಹೋದರು. ಒಳಗಿನಿಂದ ಆ ಪ್ಲಾಸ್ಟಿಕ್ ಕವರು, ಒಂದು ಬಿಳಿ ಹಾಳೆ, ಪೆನ್ನು ತಂದರು.

"ಬರ್ಕೊಡಿ," ಎಂದರು.

ಬರೆದೆ. ಆ ದಿನ ಕಾರು ಓಡಿಸಿದವನು ನಾನು, ನ್ಯಾಯಾಲಯದಲ್ಲಿ ಸುಳ್ಳು ಹೇಳಿದವನು ನಾನು. ಸಹಿ ಹಾಕಿದೆ. ಅವರು ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದರು.

"ಗಂಟೆ ಹಾಕಿಲ್ವಲ್ಲ."

ಗೋಡೆ ಗಡಿಯಾರ ನೋಡಿ ಹನ್ನೆರಡೂ ಐದು ಎಂದು ಬರೆದೆ. ಅವರು ಹಾಳೆಯನ್ನು ಕವರಿನೊಳಗೆ ಎಲ್ಲ ಕಾಗದಗಳ ಮೇಲಿಟ್ಟರು. ಕೀಯನ್ನು ಮಾತ್ರ ನನ್ನ ಕಡೆಗೆ ತಳ್ಳಿದರು.

"ಭೀಮನಬೀಡ್ಗೆ ಓಗಿದ್ರಾ?"

"ಇಲ್ಲಮ್ಮ."

"ಆವಮ್ಮ ಇನ್ನೂ ಬದ್ಕವ್ಳೆ. ಓಗಿ."

ನಾಳೆ ಬೆಳಿಗ್ಗೆಯ ಬಸ್ಸಿಗೆ ಹೋಗುತ್ತಿದ್ದೇನೆ. ಅವಳು ಕೇಸು ಹಾಕಿದರೂ ಸರಿ, ಊರಿನವರ ಮುಂದೆ ನಿಲ್ಲಿಸಿ ಕೇಳಿದರೂ ಸರಿ. ಬಿಳಿ ಹಾಳೆ, ಪೆನ್ನು ತೆಗೆದಿಟ್ಟುಕೊಂಡಿದ್ದೇನೆ. ಕೀ ಅಂಗಿಯ ಜೇಬಿನಲ್ಲಿದೆ. ಅದರ ಕಾರು ಎಲ್ಲಿ ಗುಜರಿಗೆ ಹೋಯಿತೋ ಗೊತ್ತಿಲ್ಲ. ಈ ಮಾತನ್ನು ಮೊದಲು ಕೇಳಬೇಕಾಗಿದ್ದವರು ಈಗ ಇಲ್ಲ. ಅವರಿಗೆ ನಾನು ಉಳಿಸಿದ್ದು ಆ ಅನುಮಾನ ಒಂದೇ.