ಬುಧವಾರ ಬರುತ್ತಿದ್ದ ಶೈಲಜಾ ಮೇಡಂ

ಶೈಲಜಾ ಮೇಡಂ ನಮಗೆ ಧ್ಯಾನ ಕಲಿಸಲು ಬರುತ್ತಿದ್ದರು. ಆದರೆ ಒಂದು ದಿನ ಬಿಟ್ಟರೆ ಎಂದೂ ಕಣ್ಣು ಮುಚ್ಚಿ ಎಂದವರಲ್ಲ. “ಪ್ರೆಸ್ ಮಷೀನ್ ಮುಂದ ನಿಲ್ಲೋರು ನೀವು. ಕಣ್ಣು ತೆರದ ಇರಲಿ. ಉಸಿರು ಎಲ್ಲೈತಿ, ಕೈ ಎಲ್ಲೈತಿ, ಅಷ್ಟ ನೋಡ್ಕೋರಿ” ಎನ್ನುತ್ತಿದ್ದರು.

ಹಾವೇರಿ ಕಡೆಯವರು, ಐವತ್ತು ದಾಟಿತ್ತು. ಕುರ್ಚಿ ತಂದುಕೊಟ್ಟರೆ ಅದರ ಮೇಲೆ ಚೀಲವಿಟ್ಟು, ತಾವು ನಮ್ಮ ಜೊತೆ ಕ್ಯಾಂಟೀನಿನ ನೆಲದ ಮೇಲೆ ಕೂರುತ್ತಿದ್ದರು.

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಮಲ್ಲೇಶನ ಮೂರು ಬೆರಳು ತಗಡು ಒತ್ತುವ ಪ್ರೆಸ್ಸಿಗೆ ಸಿಕ್ಕಿ ಹೋದ ಮೇಲೆ ಮ್ಯಾನೇಜರ್ ಅವರನ್ನು ಕರೆಸಿದ್ದರು. ಒತ್ತಡ ಇಳಿದರೆ ಗಮನ ನಿಲ್ಲುತ್ತದೆ, ಕೆಲಸವೂ ಚೆನ್ನಾಗಿ ನಡೆಯುತ್ತದೆ ಎಂದು ಭಾಷಣವನ್ನೂ ಮಾಡಿದ್ದರು. ಸುಳ್ಳಲ್ಲ. ಎರಡು ತಿಂಗಳಲ್ಲಿ ಯಂತ್ರದ ಮುಂದೆ ನನ್ನ ಗಡಿಬಿಡಿ ನಿಂತಿತು. ಮನೆಯಲ್ಲಿ ಮಕ್ಕಳ ಮೇಲೆ ರೇಗುವುದೂ ಕಡಿಮೆಯಾಯಿತು.

ಒಂದು ಬುಧವಾರ ನಾವೆಲ್ಲ ತೂಕಡಿಸುತ್ತಿದ್ದೆವು. “ಎಷ್ಟು ತಾಸು ಮಲಗೀರಿ?” ಎಂದು ಕೇಳಿದರು.

“ಮೂರು ಗಂಟೆ ಮೇಡಂ. ನಿನ್ನೆ ಡಬಲ್ ಶಿಫ್ಟ್ ಹಾಕ್ಬಿಟ್ರು” ಎಂದೆ.

“ಹಂಗಾರ ಇವತ್ತಿನ ಪಾಠ ಇಷ್ಟ. ಮಲಗ್ರಿ.”

ಅರ್ಧ ಗಂಟೆ ಕ್ಯಾಂಟೀನ್ ಬಾಗಿಲಲ್ಲಿ ನಿಂತು, ಯಾರೂ ಒಳಗೆ ಬಾರದಂತೆ ನೋಡಿಕೊಂಡರು.

ಮುಂದಿನ ವಾರ ಮ್ಯಾನೇಜರ್ ಒಂದು ಕಾಗದ ಹಿಡಿದು ಬಂದರು. ಮಲ್ಲೇಶ ಗಮನವಿಲ್ಲದೆ ಕೆಲಸ ಮಾಡಿದ್ದರಿಂದಲೇ ಅಪಘಾತವಾಯಿತು ಎಂದು ಅದರಲ್ಲಿತ್ತು. ತರಬೇತಿ ಕೊಡುವವರಾಗಿ ಮೇಡಂ ಅದಕ್ಕೆ ಸಹಿ ಹಾಕಬೇಕಿತ್ತು. ಮೇಡಂ ನಮ್ಮೆದುರೇ ಓದಿ ವಾಪಸು ಕೊಟ್ಟರು.

“ಗಮನ ಏನ್ ಮಾಡ್ತೈತ್ರಿ ಸರ? ಕೈ ಒಳಗ ಹೋಗದಂಗ ತಡಿಯೋ ಜಾಳಿಗಿ ಬಿಚ್ಚಿಸಿದವರು ನೀವು. ಹದಿನಾರು ತಾಸು ನಿಲ್ಲಿಸಿದವರೂ ನೀವ. ನಾ ಸಹಿ ಮಾಡಂಗಿಲ್ಲ.”

ಅದೇ ಅವರ ಕೊನೆಯ ಬುಧವಾರ. ಅವರ ಬದಲಿಗೆ ಟಿವಿಯಲ್ಲಿ ಒಂದು ವಿಡಿಯೊ ಹಾಕತೊಡಗಿದರು. ಮಲ್ಲೇಶನ ಪಕ್ಕದ ಯಂತ್ರದವನು ಎಂದು ಆ ಕಾಗದ ಸಾಕ್ಷಿಯ ಸಹಿಗೆ ನನ್ನ ಮುಂದೆ ಬಂತು. ನಾನು ಸಹಿ ಹಾಕಿದೆ. ಮಲ್ಲೇಶನ ಕೆಲಸ ಹೋಯಿತು.

ಮೊನ್ನೆ ಬಾಗಲಗುಂಟೆಯ ಬಸ್ ಸ್ಟಾಪಿನಲ್ಲಿ ಮೇಡಂ ಸಿಕ್ಕರು. ಹೆಸರು ಹಿಡಿದು ಮಾತಾಡಿಸಿದರು. “ಮಲ್ಲೇಶ ಹೆಂಗದಾನ?” ಎಂದರು.

“ಕೆಲ್ಸ ಹೋಯ್ತು. ಆ ಕಾಗದಕ್ಕೆ ಸಹಿ ನಾನೇ ಹಾಕ್ದೆ ಮೇಡಂ.”

ಅವರು ಬೈಯಲಿಲ್ಲ. “ಮನ್ಯಾಗ ಎಷ್ಟು ಮಂದಿ?” ಎಂದು ಕೇಳಿದರು.

“ಐದು.”

ತಲೆಯಾಡಿಸಿದರು. ಅಷ್ಟರಲ್ಲಿ ಅವರ ಬಸ್ ಬಂತು. ಹತ್ತಿ ಕಿಟಕಿಯ ಪಕ್ಕ ಕೂತರು. ನಾನು ಕೈ ಎತ್ತಿದೆ. ಬಸ್ ಹೊರಡುವವರೆಗೂ ಅವರು ಎದುರು ಸೀಟನ್ನೇ ನೋಡುತ್ತಿದ್ದರು.