ಕೈಗೆ ಕೊಡಲು ಕಲಿತ ಉಡಚಮ್ಮ

ಉಡಚಮ್ಮನಿಗೆ ವಾರ್ಡು ಬೇಕಾಗಿತ್ತು. ಕೊಪ್ಪಳದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ವರ್ಷಗಟ್ಟಲೆ ಪಾಯಖಾನೆ ತಿಕ್ಕಿ, ಕಾರಿಡಾರು ಒರೆಸಿ, ರಕ್ತದ ಅರಿವೆ ಒಗೆದವಳು ಅವಳು. ಆಳು ಸಾಲದ ದಿನ ವಾರ್ಡಿನ ಕೆಲಸವೂ ಅವಳ ತಲೆಗೇ ಬೀಳುತ್ತಿತ್ತು. ಪೇಷಂಟನ್ನು ಮಗ್ಗುಲಿಗೆ ಹೊರಳಿಸುವುದು, ಹಾಸಿಗೆ ಬದಲಿಸುವುದು, ಬೆಡ್‌ಪ್ಯಾನ್ ಇಡುವುದು ಎಲ್ಲ ಮಾಡುತ್ತಿದ್ದಳು. ಪಗಾರ ಮಾತ್ರ ಪಾಯಖಾನೆಯದೇ. ಈ ವರ್ಷ ಡಾಕ್ಟರು ಎಲ್ಲರನ್ನೂ ನಿಲ್ಲಿಸಿ ಹೇಳಿಬಿಟ್ಟರು: ದಸರೆ ಕಳೆದ ಮೇಲೆ ಸರ್ಟಿಫಿಕೇಟ್ ಇಲ್ಲದವರು ವಾರ್ಡಿನ ಹೊಸ್ತಿಲು ದಾಟುವಂತಿಲ್ಲ, ಇದ್ದವರಿಗೆ ವಾರ್ಡಿನಲ್ಲೇ ಕಾಯಂ ಕೆಲಸ.

ಅಂದರೆ ದಸರೆಯೊಳಗೆ ನರ್ಸಿಂಗ್ ಸಹಾಯಕಿಯ ತರಬೇತಿ ಮುಗಿಯಬೇಕು. ಬೇಗವೂ ಆಗಬೇಕು, ಕೈಗೂ ಎಟುಕಬೇಕು. ಅವಳು ಹುಡುಕಲು ಹೊರಟಳು.

ಗಂಗಾವತಿಯಲ್ಲಿ ಗಾಜಿನ ಬಾಗಿಲಿನ ಒಂದು ಸಂಸ್ಥೆ ಇತ್ತು. ಒಳಗೆ ಕುರ್ಚಿ ಕೊಟ್ಟು, ಮೇಡಂ ಅಂದು ಕರೆದು, ವರ್ಷದ ಕೋರ್ಸಿನ ಫೀ ಎಷ್ಟೆಂದು ಹೇಳಿದರು. ಅಷ್ಟು ದುಡ್ಡಿದ್ದಿದ್ದರೆ ಈ ಕೆಲಸವೇ ಬೇಕಾಗುತ್ತಿರಲಿಲ್ಲ. ಉಡಚಮ್ಮ ಅವರ ಕೂಲರಿನ ನೀರು ಕುಡಿದು ಎದ್ದು ಬಂದಳು.

ಕುಷ್ಟಗಿಯಲ್ಲಿ ಸಿಕ್ಕವನು ಝೆರಾಕ್ಸ್ ಅಂಗಡಿಯವನು. “ಕಲಿಯೂದು ಏನೈತಿ ಅಕ್ಕಾ? ಒಂದು ಫೋಟೋ ಕೊಟ್ಟು ಹೋಗು. ಮುಂದಿನ ಸಂತಿಗೆ ಬಂದಾಗ ಸರ್ಟಿಫಿಕೇಟ್ ಒಯ್ಯಿ,” ಅಂದ.

ಹಿಟ್ನಾಳದ ಮನೆಗೆ ಬಂದು ಗಂಡ ಹೊಳಿಯಪ್ಪನಿಗೆ ಹೇಳಿದಳು. ಅವನು ಗೌಂಡಿ ಕೆಲಸದವನು, ಕೂಡಿಸಿ ಕಟ್ಟುವುದರಲ್ಲಿ ಗಟ್ಟಿಗ. “ಇದ ಛಲೋ ಐತಲ್ಲ. ನಿನಗ ಕೆಲಸ ಬರತೈತಿ, ಕಾಗದ ಇಲ್ಲ. ಅವಗ ಕೆಲಸ ಬರೂದಿಲ್ಲ, ಕಾಗದ ಐತಿ. ಎರಡೂ ಕೂಡಿ ಬಂತು.”

ನರ್ಸಿಂಗ್ ಹೋಮಿನ ಹಿರಿಯ ನರ್ಸು ಸೈದಾನಬಿ ಮಾತ್ರ ಈ ಲೆಕ್ಕ ಒಪ್ಪಲಿಲ್ಲ. “ಖೊಟ್ಟಿ ಕಾಗದ ತಂದೀ ಅಂದ್ರ ನಾನ ಹರಿದು ಒಗೀತೀನಿ. ಬಸ್‌ಸ್ಟ್ಯಾಂಡ್ ಹಿಂದ ಸರಕಾರದ ತರಬೇತಿ ನಡದೈತಿ. ಮೂರು ತಿಂಗಳು, ಫೀ ಇಲ್ಲ. ಎಸ್ಸೆಸ್ಸೆಲ್ಸಿ ಪಾಸಾಗೀಯಿಲ್ಲ?”

“ಎರಡನೇ ಸಲಕ್ಕ ಆಗೇನ್ರಿ ಸಿಸ್ಟರ್.”

“ಯಾವ ಸಲ ಅಂತ ಯಾರು ಕೇಳ್ತಾರ? ಹೋಗು. ಮುಂಜಾನಿ ಕಲಿ, ಮಧ್ಯಾಹ್ನದ ಪಾಳಿ ನಾ ಹಾಕಿಸಿ ಕೊಡ್ತೀನಿ.”

ಉಡಚಮ್ಮ ಅಲ್ಲಿಗೇ ಸೇರಿಕೊಂಡಳು. ಕಲಿಸುವವರು ರೇಣುಕಾದೇವಿ. ಯಲಬುರ್ಗಾ ಕಡೆಯವರು, ನಿವೃತ್ತ ನರ್ಸು, ಬಾಯಿ ಜೋರು. ತರಬೇತಿಗೆ ಒಂದು ಪ್ಲಾಸ್ಟಿಕ್ ಬೊಂಬೆ ಇತ್ತು. ಬೊಂಬೆಯ ಮೈ ಒರೆಸುವುದು, ಅದನ್ನು ಮಂಚದಿಂದ ಗಾಲಿಕುರ್ಚಿಗೆ ಇಳಿಸುವುದು, ಇಂಥದರಲ್ಲೆಲ್ಲ ಉಡಚಮ್ಮನೇ ಮುಂದೆ. ಬೊಂಬೆ ಬಿಟ್ಟು ಮನುಷ್ಯರ ಮೇಲೆ ಕಲಿಯುವ ಹೊತ್ತು ಬಂದಾಗ ತೊಂದರೆ ಶುರುವಾಯಿತು.

ಹುಲಿಗಿಯ ಸುಕನ್ಯಾ ಅನ್ನುವ ಹುಡುಗಿ ಪೇಷಂಟಾಗಿ ಮಂಚದ ಮೇಲೆ ಕೂತಿದ್ದಳು. ಅವಳಿಗೆ ಗುಳಿಗೆ, ನೀರು ಕೊಡಬೇಕು. ಉಡಚಮ್ಮ ಗೇಣು ಮೇಲಿಂದಲೇ ಗುಳಿಗೆ ಬಿಟ್ಟಳು. ಅದು ಸುಕನ್ಯಾಳ ಅಂಗೈ ಮೇಲೆ ಪುಟಿದು ಮಂಚದ ಕೆಳಗೆ ಹೋಯಿತು. ನೀರಿನ ಲೋಟವನ್ನು ಸ್ಟೂಲಿನ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.

“ಏನವಾ, ಕೋಳಿಗೆ ಕಾಳು ಒಗದಂಗ ಒಗೀತೀಯಲ್ಲ,” ಅಂದರು ರೇಣುಕಾದೇವಿ. ಎಲ್ಲರೂ ನಕ್ಕರು. ಉಡಚಮ್ಮನೂ ನಕ್ಕಳು. ಮತ್ತೆ ಮಾಡಿಸಿದಾಗಲೂ ಹಾಗೆಯೇ ಆಯಿತು. ಮರುದಿನವೂ ಅದೇ.

“ನಿನ್ನ ಕೈಗೆ ಏನಾಗೇತಿ?”

ಉಡಚಮ್ಮ ತನ್ನ ಕೈ ನೋಡಿಕೊಂಡಳು. ತಾನು ಹೀಗೆ ಮಾಡುತ್ತೇನೆಂದು ಅವಳಿಗೂ ಅಲ್ಲಿಯತನಕ ಗೊತ್ತಿರಲಿಲ್ಲ.

ಅವಳ ತವರು ತಾವರಗೇರಾ ಹತ್ತಿರದ ಹಳ್ಳಿ. ತಾಯಿ ಹುಲಿಗೆವ್ವ ಕೇರಿಯಿಂದ ಹೋಗಿ ದೊಡ್ಡ ಮನೆಗಳ ಅಂಗಳ ಕಸ ಹೊಡೆಯುತ್ತಿದ್ದಳು. ಸೆರಗು ಹಿಡಿದು ಬೆನ್ನಿಗೆ ಬರುತ್ತಿದ್ದ ಮಗಳಿಗೆ ಮೊದಲು ಕಲಿಸಿದ್ದೇ ಇದು: ಯಾರ ಕೈಗೂ ಏನೂ ಕೊಡಬ್ಯಾಡ, ಕಟ್ಟಿ ಮ್ಯಾಲ ಇಡು, ಹಿಂದಕ ಸರಿ. ಅಂಗಡಿಯಲ್ಲಿ ದುಡ್ಡು ಹಲಗೆಯ ಮೇಲೆ ಇಡಬೇಕು. ನೀರು ಕೇಳಿದರೆ ಬೊಗಸೆ ಒಡ್ಡಬೇಕು, ಅವರು ಮೇಲಿಂದ ಹೊಯ್ಯುತ್ತಾರೆ. ಯಾರೂ ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಅದರ ಅಗತ್ಯವೇ ಬೀಳದ ಹಾಗೆ ಮೈಯಲ್ಲಿ ಕೂತ ಪಾಠ ಅದು. ಜ್ವರದಲ್ಲಿ ನರಳುವವರನ್ನು ಎತ್ತುವಾಗ, ಹೊರಳಿಸುವಾಗ ಅದು ಅಡ್ಡ ಬಂದಿರಲಿಲ್ಲ. ಕಣ್ಣುಬಿಟ್ಟು ಮುಖ ನೋಡುತ್ತಿರುವವರ ಕೈಗೆ ಏನಾದರೂ ಕೊಡುವಾಗ ಮಾತ್ರ ಕೈ ತಾನೇ ಮೇಲೆ ನಿಲ್ಲುತ್ತಿತ್ತು.

ಇಷ್ಟನ್ನೂ ಅವಳು ರೇಣುಕಾದೇವಿಗೆ ಹೇಳಲಿಲ್ಲ. “ರೂಢಿ ರೀ ಮೇಡಂ. ನಮ್ಮವ್ವ ಹಂಗ ಕಲಿಸ್ಯಾಳ,” ಅಂದಳು. ಕೇಳಿದವರಿಗೆ ತಿಳಿಯಿತು. ನಗು ನಿಂತಿತು.

ರೇಣುಕಾದೇವಿ ಅಯ್ಯೋ ಪಾಪ ಅನ್ನುವವರಲ್ಲ. “ಆತು. ಪರೀಕ್ಷಾದಾಗ ಖರೇ ಪೇಷಂಟ್‌ಗೆ ಗುಳಿಗಿ ಕೊಡೂದು ಐತಿ. ಕೆಡವಿದ್ರ ಫೇಲು. ಯಾಕ ಕೆಡವಿದಿ ಅಂತ ಅವರೇನು ಕೇಳೂದಿಲ್ಲ. ಇವತ್ತಿನಿಂದ ಚಿಲ್ಲರ ಇರ್ಲಿ, ಉಪ್ಪ ಇರ್ಲಿ, ಯಾರಿಗೆ ಏನು ಕೊಟ್ರೂ ಕೈಗೆ ಕೊಡು.”

ಉಡಚಮ್ಮ ಉಪ್ಪಿನಿಂದಲೇ ಶುರು ಮಾಡಿದಳು. ಉಣ್ಣಲು ಕೂತ ಹೊಳಿಯಪ್ಪನ ಕೈಗೆ ಉಪ್ಪು ಚಾಚಿದರೆ ಅವನು ಕೈ ಹಿಂದೆ ಎಳೆದುಕೊಂಡ. “ಉಪ್ಪು ಕೈಯಾಗ ಕೊಡಬಾರದಲೇ, ಜಗಳ ಆಗತೈತಿ.”

“ಕೊಡದಿದ್ದಾಗ ಏನು ಕಡಿಮಿ ಆಗೇತಿ? ಹಿಡಿ.”

ಹೊರಗೆ ಇಷ್ಟು ಸಲೀಸಾಗಿರಲಿಲ್ಲ. ಕಾಯಿಪಲ್ಲೆಯವಳು ಕೈಗೆ ತೆಗೆದುಕೊಂಡಳು, ಚಹಾದ ಅಂಗಡಿಯವನು ನೋಡದೆಯೇ ತೆಗೆದುಕೊಂಡ. ಹಿಟ್ನಾಳದಲ್ಲಿ ಗುರುತಿದ್ದ ಕಿರಾಣಿಯವನು ಮಾತ್ರ ಅವಳ ಕೈ ನೋಡಿದ, ಮುಖ ನೋಡಿದ, ಹಲಗೆಯ ಕಡೆ ಬೆರಳು ತೋರಿಸಿದ. ಆ ದಿನ ಅವಳು ಹಲಗೆಯ ಮೇಲೇ ಇಟ್ಟು ಬಂದಳು.

ಪರೀಕ್ಷೆ ಒಂದು ಆಸ್ಪತ್ರೆಯ ವಾರ್ಡಿನಲ್ಲಿ ನಡೆಯಿತು. ಪರೀಕ್ಷಕಿ ಬೇರೆ ಜಿಲ್ಲೆಯವಳು, ಕೈಯಲ್ಲಿ ಟ್ಯಾಬ್ ಹಿಡಿದಿದ್ದಳು. ರೇಣುಕಾದೇವಿ ಬಾಗಿಲ ಹತ್ತಿರ ನಿಂತಿರಬಹುದು, ಮಾತಾಡುವಂತಿಲ್ಲ. ಉಡಚಮ್ಮನ ಪಾಲಿಗೆ ಬಂದದ್ದು ಲಕ್ವ ಹೊಡೆದು ಬಲಗೈ ಬಿದ್ದುಹೋಗಿದ್ದ ಒಬ್ಬ ಮುದುಕಿ. ಹತ್ತಿರ ಹೋಗುತ್ತಲೇ ಗುರುತು ಸಿಕ್ಕಿತು. ಅವರು ತವರೂರಿನ ಶರಣಬಸಮ್ಮ. ಹುಲಿಗೆವ್ವ ಕಸ ಹೊಡೆದದ್ದು ಇವರದೇ ಅಂಗಳ.

ಮುದುಕಿಯ ಬಾಯಿ ಸೊಟ್ಟಗಾಗಿದ್ದರೂ ಕಣ್ಣು ಚುರುಕಾಗಿದ್ದವು. “ನೀ ಹುಲಿಗೆವ್ವನ ಮಗಳಲ್ಲೇನ?”

“ಹೌದ್ರಿ ಅವ್ವಾರ.”

“ಗುಳಿಗಿ ಅಲ್ಲೇ ಇಡು. ನಾ ತಗೋತೀನಿ.”

ಉಡಚಮ್ಮನ ಕೈ ತಾನಾಗಿ ಇಳಿಯಿತು. ಗುಳಿಗೆ, ಲೋಟ ಎರಡೂ ಸ್ಟೂಲಿನ ಮೇಲೆ ಕೂತವು. ಕಾಲು ಒಂದು ಹೆಜ್ಜೆ ಹಿಂದೆ ಸರಿಯಿತು. ಪರೀಕ್ಷಕಿ ಟ್ಯಾಬಿನಿಂದ ತಲೆ ಎತ್ತಿದಳು. ರೇಣುಕಾದೇವಿ ಮುಖ ಆ ಕಡೆ ತಿರುಗಿಸಿದರು.

ಶರಣಬಸಮ್ಮ ಎಡಗೈ ಚಾಚಿದರು. ಲೋಟ ಜಾರಿ ಉರುಳಿ, ನೀರು ಹಾಸಿಗೆಯ ಮೇಲೆಲ್ಲ ಹರಿಯಿತು. ಒದ್ದೆಯಾದ ಸೀರೆ ನೋಡುತ್ತ ಬಿದ್ದುಕೊಂಡರು. ತುಟಿ ಒಣಗಿ ಬಿರಿದಿದ್ದವು.

ಉಡಚಮ್ಮ ನೀರು ಒರೆಸಿದಳು. ಇನ್ನೊಂದು ಲೋಟ ತುಂಬಿದಳು. ಎಡಗೈಯನ್ನು ಮುದುಕಿಯ ಕತ್ತಿನ ಕೆಳಗೆ ತೂರಿಸಿ ತಲೆ ಎತ್ತಿ ಹಿಡಿದಳು. “ಬಾಯಿ ತಗೀರಿ.”

ಶರಣಬಸಮ್ಮ ಅವಳನ್ನೇ ನೋಡಿದರು. ಆಮೇಲೆ ಬಾಯಿ ತೆರೆದರು. ಉಡಚಮ್ಮ ನಾಲಿಗೆಯ ಮೇಲೆ ಗುಳಿಗೆ ಇಟ್ಟು, ಲೋಟವನ್ನು ಸರಿ ಇದ್ದ ಮಗ್ಗುಲಿನ ತುಟಿಗೆ ಹಿಡಿದಳು. ಒಂದು ಗುಟುಕು, ಇನ್ನೊಂದು. ಗಂಟಲು ಏರಿಳಿಯಿತು.

ಸಂಜೆ ಹೊಳಿಯಪ್ಪ ಕೇಳಿದ. “ಏನಂದ್ಲು ಮುದುಕಿ?”

“ಇನ್ನಷ್ಟು ನೀರು ಹಾಕು ಅಂದ್ಲು.”

“ಮತ್ತೇನೂ ಅನಲಿಲ್ಲ?”

“ನೀರಡಿಕಿ ಆಗಿತ್ತು. ಮತ್ತೇನಂತಾಳ?”

ನೀರು ಚೆಲ್ಲಿದ್ದಕ್ಕೆ ಅಂಕ ಕಳೆದು, ಉಳಿದದ್ದಕ್ಕೆ ಪಾಸು ಮಾಡಿದ್ದರು. ದಸರೆ ಕಳೆದ ಮೇಲೆ ಉಡಚಮ್ಮ ನೀಲಿ ಅಂಗಿ ತೊಟ್ಟು ವಾರ್ಡಿಗೆ ಬಂದಳು. ಪಾಯಖಾನೆಗೆ ಬೇರೊಬ್ಬಳು ಬಂದಳು. ಅವಳೂ ಕೇರಿಯವಳೇ.

ದೀಪಾವಳಿ ಹತ್ತಿರ ಶರಣಬಸಮ್ಮನ ಮಗ ಹನಮೇಶ ನರ್ಸಿಂಗ್ ಹೋಮಿಗೆ ವಿಚಾರಿಸಿಕೊಂಡು ಬಂದ. ಕೊಪ್ಪಳದಲ್ಲೇ ಮನೆ ಕಟ್ಟಿದವನು, ತಾಯಿಯನ್ನು ಅಲ್ಲಿಗೇ ಕರೆತಂದಿದ್ದ. ಉಡಚಮ್ಮ ಆಗ ವಾರ್ಡಿನ ಕೌಂಟರಿನಲ್ಲಿದ್ದಳು, ಎದುರಿಗೆ ಪೇಷಂಟುಗಳ ಕಡೆಯವರ ಸಾಲು. ಹನಮೇಶನ ಕೈಯಲ್ಲಿ ಡಾಕ್ಟರರ ಚೀಟಿ ಇತ್ತು.

“ನಮ್ಮವ್ವ ನಿನ್ನ ಹೆಸರ ಹೇಳಾಕತ್ಯಾಳ. ಮನೀಗೆ ಬಂದು ನೋಡ್ಕೋ. ಇಲ್ಲಿಗಿಂತ ಹೆಚ್ಚ ಕೊಡ್ತೀನಿ. ಹಿತ್ತಲ ಬಾಗಲಿಂದ ಬಂದು ಹೋದ್ರಾತು, ಯಾರೂ ಏನೂ ಅನೂದಿಲ್ಲ.”

“ಹಿತ್ತಲ ಬಾಗಲ ನಮ್ಮವ್ವ ಭಾಳ ನೋಡ್ಯಾಳ್ರಿ. ನಾ ಬರೂದಿಲ್ಲ. ಅವ್ವಾರನ್ನ ಇಲ್ಲಿ ಕರಕೊಂಡ ಬರ್ರಿ. ಎಲ್ಲಾರಿಗೂ ನೋಡ್ದಂಗ ನೋಡ್ತೀನಿ.”

“ಈ ಗುಳಿಗಿ ಹೆಂಗ ಕೊಡಬೇಕು, ಅಷ್ಟರ ಹೇಳು,” ಅಂದು ಹನಮೇಶ ಚೀಟಿಯನ್ನು ಕೌಂಟರಿನ ಅಂಚಿಗೆ ಇಟ್ಟು ಕೈ ತೆಗೆದ.

ಉಡಚಮ್ಮ ಅದನ್ನು ಎತ್ತಿಕೊಳ್ಳಲಿಲ್ಲ. ಅಂಗೈ ಚಾಚಿ ನಿಂತಳು. ಹಿಂದೆ ಸಾಲಿನಲ್ಲಿದ್ದವರು ಮುಂದೆ ಸರಿಯಿರಿ ಎಂದು ಗೊಣಗತೊಡಗಿದರು. ಹನಮೇಶ ಚೀಟಿ ತೆಗೆದು ಅವಳ ಕೈಗೆ ಕೊಟ್ಟ.

“ಮುಂಜಾನಿಗೆ ಒಂದು, ರಾತ್ರಿಗೆ ಒಂದು. ಉಂಡ ಮ್ಯಾಲೆ,” ಅಂದಳು. “ತಲಿ ಎತ್ತಿ ಹಿಡಿದು ಕುಡಸ್ರಿ. ಇಲ್ಲಾಂದ್ರ ನೆತ್ತಿಗೆ ಹತ್ತತೈತಿ.”